ಎಕ್ಸ್‌ರೇ ನಾರ್ಮಲ್ ಅಂದ್ರು, ಆದರೆ ಪಾದ ಊರಕ್ಕಾಗ್ತಿಲ್ಲ

ಪ್ರಶ್ನೆ: ಡಾಕ್ಟ್ರಿಗೆ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ. ನನಗೆ 43 ವರ್ಷ. ನಾಲ್ಕು ವಾರದ ಹಿಂದೆ ಜೋರು ಮಳೆ, ಕರೆಂಟ್ ಇರಲಿಲ್ಲ. ಸಂಜೆ ಹಾಲು ಕರೆದು ಕೊಟ್ಟಿಗೆಯಿಂದ ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿತು. ಬಲಗಾಲಿನ ಬೆರಳುಗಳು ಅಡಿಗೆ ಮಡಚಿ, ಮೈಭಾರವೆಲ್ಲ ಅದರ ಮೇಲೆ ಬಿತ್ತು. ಟಕ್ ಅಂದ ಹಾಗಾಯಿತು. ರಾತ್ರಿಯೊಳಗೆ ಪಾದದ ಮೇಲ್ಭಾಗ ಊದಿಕೊಂಡಿತು. ಮೂರನೇ ದಿನ ಅಂಗಾಲಿನ ನಡುವೆ ನೇರಳೆ ಬಣ್ಣದ ಕಲೆ ಕಂಡಿತು. ಎಕ್ಸ್‌ರೇ ತೆಗೆಸಿದೆವು. 'ಏನೂ ಇಲ್ಲ, ಉಳುಕು' ಅಂದರು. ಎಕ್ಸ್‌ರೇ ಕವರಿನ ಮೇಲೆ 'ಆಂಕಲ್' ಅಂತ ಬರೆದಿದೆ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಮಾತ್ರೆ ತಿಂದೆ. ಊತ ಅರ್ಧ ಇಳಿದಿದೆ. ಹಿಮ್ಮಡಿ ಊರಿ ನಡೀತೇನೆ. ಆದರೆ ಪಾದದ ಮುಂಭಾಗ ಊರಿದರೆ ಜೀವ ಹೋಗುತ್ತದೆ. ಅತ್ತೆ ಎಣ್ಣೆ ಹಚ್ಚಿ ತಿಕ್ಕಿಸು ಅನ್ನುತ್ತಾರೆ. ಮಗ ಮೊಬೈಲಿನಲ್ಲಿ ಏನೋ 'ಲಿಸ್‌ಫ್ರಾಂಕ್' ಅಂತ ಓದಿ ಹೆದರಿಸಿದ್ದಾನೆ. ಪ್ಲೇಟ್ ಹಾಕಿಸಿದರೆ ಜನ್ಮಪೂರ್ತಿ ಕುಂಟಬೇಕು ಅಂತ ಪಕ್ಕದ ಮನೆಯವರು. ನಿಜ ಏನು? ಅಡಿಕೆ ಕೊಯ್ಲಿನ ಹೊತ್ತಿಗೆ ಸರಿಯಾಗುತ್ತಾ? ನಮ್ಮ ಹಸು ಬೇರೆಯವರಿಗೆ ಸೊರೆ ಬಿಡುವುದಿಲ್ಲ. ಹಾಲು ಕರೆಯಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಮಾತು ನನ್ನನ್ನು ತಡೆದು ನಿಲ್ಲಿಸಿದವು. ಒಂದು, ಅಂಗಾಲಿನ ನೇರಳೆ ಕಲೆ. ಇನ್ನೊಂದು, ಕವರಿನ ಮೇಲಿನ 'ಆಂಕಲ್'. ಮೊದಲನೆಯದು ಪಾದದ ನಡುಭಾಗದಲ್ಲಿ ಏನೋ ಹರಿದಿದೆ ಅಂತ ಹೇಳುತ್ತದೆ. ಎರಡನೆಯದು, ಆ ನಡುಭಾಗವನ್ನು ಇನ್ನೂ ಯಾರೂ ಸರಿಯಾಗಿ ನೋಡೇ ಇಲ್ಲ ಅಂತ ಹೇಳುತ್ತದೆ. ಪತ್ರ ಓದಿಯೇ ಕಾಯಿಲೆ ಹೇಳಲು ನಾನು ಜ್ಯೋತಿಷಿ ಅಲ್ಲ. ಆದರೆ 'ಏನೂ ಇಲ್ಲ' ಅನ್ನುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನಮ್ಮ ಭಾಷೆಯದ್ದೂ ಇದರಲ್ಲಿ ಸ್ವಲ್ಪ ತಪ್ಪಿದೆ. ಸೊಂಟದ ಕೆಳಗಿನಿಂದ ಬೆರಳ ತುದಿಯವರೆಗೆ ನಮಗೆ ಎಲ್ಲವೂ 'ಕಾಲು'. ಕಾಲು ಉಳುಕಿದೆ ಅಂದ ಕೂಡಲೇ ಚೀಟಿ ಬರೆಯುವವರ ತಲೆಗೆ ಬರುವುದು ಹರಡು, ಅಂದರೆ ಪಾದ ಮತ್ತು ಮೊಣಕಾಲ ಕೆಳಗಿನ ಕಾಲು ಸೇರುವ ಕೀಲು. ಅದೇ ಆಂಕಲ್. ಆ ಫಿಲ್ಮಿನಲ್ಲಿ ಹರಡಿನ ಎಲುಬು ಚೆನ್ನಾಗಿ ಕಾಣುತ್ತದೆ, ಪಾದದ ನಡುಭಾಗ ಒಂದು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದ ನೆರಳಿನ ಹಾಗೆ ಕಾಣುತ್ತದೆ. ನಿಮ್ಮ ಆಂಕಲ್ ನಾರ್ಮಲ್ ಇರುವುದು ನಿಜವೇ ಇರಬಹುದು. ನೋವಿರುವುದು ಅಲ್ಲಲ್ಲವಲ್ಲ!

ನೋವಿರುವ ಜಾಗ ಹೇಗಿದೆ ನೋಡಿ. ಒಂದು ಪಾದದಲ್ಲಿ 26 ಎಲುಬು. ಹಿಂದೆ ಹಿಮ್ಮಡಿ, ಮುಂದೆ ಬೆರಳುಗಳು, ಬೆರಳಿನ ಹಿಂದೆ ಐದು ಉದ್ದ ಎಲುಬು. ಈ ಐದು ಉದ್ದ ಎಲುಬುಗಳಿಗೂ ಹಿಂಭಾಗಕ್ಕೂ ನಡುವೆ ಐದು ಗಿಡ್ಡ ಎಲುಬು ಕಮಾನಿನಂತೆ ಕೂತಿವೆ. ಅಂಗಾಲಿನ ಒಳಬದಿಯ ಗುಳಿ ಇದೆಯಲ್ಲ, ಅದು ಈ ಕಮಾನಿನ ಅಡಿಭಾಗ. ಹೆಬ್ಬೆರಳಿನ ಪಕ್ಕದ ಬೆರಳಿನ ಉದ್ದ ಎಲುಬು ಮಾತ್ರ ಉಳಿದವುಗಳಿಗಿಂತ ಸ್ವಲ್ಪ ಹಿಂದೆ ಸರಿದು, ಎರಡು ಎಲುಬಿನ ಸಂದಿಯೊಳಗೆ ಬಿಗಿಯಾಗಿ ಕೂತಿದೆ. ಬಡಗಿ ಒಂದು ಮರದಲ್ಲಿ ಗುಳಿ ತೋಡಿ ಇನ್ನೊಂದರ ತುದಿಯನ್ನು ಅದರೊಳಗೆ ಬಡಿದು ಕೂರಿಸುತ್ತಾನಲ್ಲ, ಹಾಗೆ. ಇಡೀ ಕಮಾನು ಆ ಒಂದು ಕೂಡುವಿಕೆಯ ಮೇಲೆ ನಿಂತಿದೆ.

ಇನ್ನೊಂದು ವಿಚಿತ್ರ ಇದೆ. ಎರಡನೆಯಿಂದ ಐದನೆಯವರೆಗಿನ ಉದ್ದ ಎಲುಬುಗಳ ಬುಡವನ್ನು ಒಂದಕ್ಕೊಂದು ಬಿಗಿಯುವ ಪಟ್ಟಿಗಳಿವೆ. ಲಿಗಮೆಂಟ್ ಅಂತೀವಲ್ಲ, ಎಲುಬಿಗೆ ಎಲುಬು ಕಟ್ಟುವ ಗಟ್ಟಿ ನಾರು, ಅದು. ಹೆಬ್ಬೆರಳಿನ ಎಲುಬಿಗೂ ಎರಡನೆಯದಕ್ಕೂ ಮಾತ್ರ ಅಂಥ ಪಟ್ಟಿ ಇಲ್ಲ. ಅದರ ಬದಲು ಒಳಬದಿಯ ಗಿಡ್ಡ ಎಲುಬಿನಿಂದ ಓರೆಯಾಗಿ ಬಂದು ಎರಡನೆಯ ಎಲುಬಿನ ಬುಡಕ್ಕೆ ಹಿಡಿದುಕೊಳ್ಳುವ ಒಂದು ದಪ್ಪ ನಾರು ಇದೆ. ಅದೇ ನಿಮ್ಮ ಮಗ ಓದಿದ ಲಿಸ್‌ಫ್ರಾಂಕ್ ಲಿಗಮೆಂಟ್. ಅದು ಹರಿದರೆ ಆ ಸಂದು ಬಿಡಲು ತಡೆಯೇ ಇಲ್ಲ.

ಹರಿಯುವುದು ಹೇಗೆ ಅನ್ನುವುದನ್ನು ನಾನು ಬರೆಯಬೇಕಾಗೇ ಇಲ್ಲ, ನೀವೇ ಬರೆದಿದ್ದೀರಿ. ಬೆರಳು ಅಡಿಗೆ ಮಡಚಿ, ಹಿಮ್ಮಡಿ ಮೇಲಿದ್ದು, ಮೈಭಾರ ನೆಟ್ಟಗೆ ಬಿದ್ದರೆ ಪಾದ ಆ ಗೆರೆಯಲ್ಲೇ ಮುರಿದು ಮಡಚಲು ನೋಡುತ್ತದೆ. ಹಿಂದೆ ಕುದುರೆ ಸವಾರರಿಗೆ ರಿಕಾಪಿನಲ್ಲಿ, ಅಂದರೆ ಜೀನಿಗೆ ತೂಗುವ ಕಾಲೂರುವ ಬಳೆಯಲ್ಲಿ, ಪಾದ ಸಿಕ್ಕಿ ಬಿದ್ದಾಗ ಹೀಗಾಗುತ್ತಿತ್ತು. ನಮ್ಮ ಕಡೆ ಕುದುರೆ ಇಲ್ಲ. ಬದಲಿಗೆ ಪಾಚಿ ಕಟ್ಟಿದ ಚಿರೆಕಲ್ಲಿನ ಮೆಟ್ಟಿಲಿದೆ, ತೋಟದ ಸಂಕದ (ಕಾಲುಸೇತುವೆಯ) ದಬ್ಬೆ ನಡುವೆ ಸಿಕ್ಕುವ ಕಾಲಿದೆ, ಹೆದ್ದಾರಿಯಲ್ಲಿ ಬೈಕಿನಡಿ ಸಿಕ್ಕ ಪಾದವಿದೆ, ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಯಿಂದ ಧಕ್ಕೆಗೆ ಜಿಗಿಯುವ ಮೀನುಗಾರರಿದ್ದಾರೆ.

ಆ ಹೆಸರಿನ ಬಗ್ಗೆಯೂ ಒಂದು ಮಾತು, ಮಗನಿಗೆ ಓದಿ ಹೇಳಿ. ಲಿಸ್‌ಫ್ರಾಂಕ್ ಅನ್ನುವವರು ನೆಪೋಲಿಯನ್ ಕಾಲದ ಫ್ರೆಂಚ್ ಸೇನೆಯ ಶಸ್ತ್ರವೈದ್ಯ. ಪಾದ ಕೊಳೆತ ಸೈನಿಕರಿಗೆ ಎಲುಬು ಗರಗಸದಿಂದ ಕೊಯ್ಯದೆ, ಈ ಕೀಲುಗಳ ಸಾಲಿನಲ್ಲೇ ಬೇಗ ಪಾದ ಕತ್ತರಿಸುವ ವಿಧಾನವನ್ನು ಅವರು 1815ರಲ್ಲಿ ಬರೆದರು. ಹಾಗಾಗಿ ಮೊಬೈಲಿನಲ್ಲಿ ಹುಡುಕಿದರೆ 'ಪಾದ ಕತ್ತರಿಸುವುದು' ಅಂತೆಲ್ಲ ಬರುತ್ತದೆ, ಹುಡುಗ ಹೆದರುತ್ತಾನೆ. ನಿಮ್ಮ ಗಾಯಕ್ಕೂ ಕತ್ತರಿಸುವುದಕ್ಕೂ ಸಂಬಂಧ ಇಲ್ಲ. ಜಾಗಕ್ಕೆ ಅವರ ಹೆಸರು ಉಳಿದುಕೊಂಡಿದೆ, ಅಷ್ಟೇ.

ಇನ್ನು ನನ್ನದೇ ಒಂದು ತಪ್ಪು ಹೇಳುತ್ತೇನೆ. ನೌಕರಿಗೆ ಸೇರಿದ ಹೊಸತು, ಕರಾವಳಿಯ ಒಂದು ಆಸ್ಪತ್ರೆ. ಬಲೆ ಎಳೆಯುವ ಒಬ್ಬರು ಕುಂಟುತ್ತಾ ಬಂದರು. ಮಲಗಿಸಿ ತೆಗೆದ ಎಕ್ಸ್‌ರೇ ನೋಡಿದೆ, ಮುರಿದದ್ದು ಕಾಣಲಿಲ್ಲ. ಉಳುಕು ಅಂತ ಬರೆದು ಕಳಿಸಿದೆ. ಹೋಗುವಾಗ ಅವರು, "ಡಾಕ್ಟ್ರೇ, ಅಡಿಗೆ ಕಪ್ಪಾಗಿದೆ ನೋಡಿ" ಅಂದರು. ಪಾದ ತಿರುಗಿಸಿ ತೋರಿಸಿದರು. ಅಂಗಾಲಿನ ನಡುವೆ ನೇರಳೆಹಣ್ಣಿನ ಬಣ್ಣದ ಒಂದು ಕಲೆ, ಅದರ ಸುತ್ತ ಇನ್ನೂ ಮರಳು ಅಂಟಿತ್ತು. ರಕ್ತ ಇಳಿದಿದೆ, ಹೋಗುತ್ತೆ ಅಂದೆ. ಎರಡು ತಿಂಗಳ ಮೇಲೆ ಅವರು ವಾಪಸು ಬಂದಾಗ ಆ ಪಾದದ ಕಮಾನು ಕುಸಿದು ಚಪ್ಪಟೆಯಾಗಿತ್ತು, ಮುಂಭಾಗ ಹೊರಕ್ಕೆ ಸರಿದಿತ್ತು. ಆ ದಿನದಿಂದ ನಾನು ಉಳುಕಿದ ಕಾಲು ಬಂದರೆ ಮೊದಲು ಅಂಗಾಲು ತಿರುಗಿಸಿ ನೋಡುತ್ತೇನೆ. ಈ ಗಾಯ ಮೊದಲ ಸಲ ಐದರಲ್ಲಿ ಒಂದು ಕೈತಪ್ಪುತ್ತದೆ ಅಂತ ನಮ್ಮ ಪಠ್ಯಪುಸ್ತಕಗಳೇ ಹೇಳುತ್ತವೆ. ಹಾಗಂತ ನನಗೆ ಸಮಾಧಾನ ಇಲ್ಲ. ನಿಮ್ಮನ್ನು ನೋಡಿದ ವೈದ್ಯರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ ಅನ್ನಲು ಇದನ್ನು ಬರೆದೆ.

ಈಗ ಏನು ಮಾಡಬೇಕು? ಒಬ್ಬ ಎಲುಬಿನ ವೈದ್ಯರ ಹತ್ತಿರ ಹೋಗಿ. ಈ ವಾರವೇ. 'ಕಾಲು ನೋವು' ಅನ್ನಬೇಡಿ. 'ಪಾದದ ನಡುಭಾಗ ನೋವು, ಅಂಗಾಲಿನಲ್ಲಿ ರಕ್ತ ಕಟ್ಟಿತ್ತು, ಬೆರಳು ಮಡಚಿ ಬಿದ್ದೆ' ಅನ್ನಿ. ಈ ಮೂರು ಮಾತು ಸಾಕು, ತಿಳಿದವರಿಗೆ ಕಿವಿ ನೆಟ್ಟಗಾಗುತ್ತದೆ. ಅವರು ಹೆಬ್ಬೆರಳಿನಿಂದ ಪಾದದ ಮೇಲೆ, ಎರಡನೆಯ ಉದ್ದ ಎಲುಬಿನ ಬುಡದಲ್ಲಿ ಒತ್ತುತ್ತಾರೆ. ಒಂದೇ ಒಂದು ಬೊಟ್ಟಿನ ಜಾಗದಲ್ಲಿ ನೀವು ಹೌಹಾರಿದರೆ ಅದು ಅರ್ಧ ಉತ್ತರ. ಹಿಮ್ಮಡಿ ಹಿಡಿದುಕೊಂಡು ಪಾದದ ಮುಂಭಾಗವನ್ನು ಹೊರಕ್ಕೆ ತಿರುಗಿಸಿ ನೋಡುತ್ತಾರೆ. ಹಾರ್ಮೋನಿಯಂ ಮನೆ ಒತ್ತಿದ ಹಾಗೆ ಒಂದೊಂದೇ ಬೆರಳಿನ ಎಲುಬನ್ನು ಮೇಲೆ ಕೆಳಗೆ ಅಲ್ಲಾಡಿಸಿ ನೋಡುತ್ತಾರೆ. ಮನೆಯಲ್ಲಿ ನೀವೇ ಇದನ್ನೆಲ್ಲ ಮಾಡಲು ಹೋಗಬೇಡಿ. ಒಂಟಿಕಾಲಿನ ತುದಿಯಲ್ಲಿ ನಿಂತು ಪರೀಕ್ಷೆ ಮಾಡಿಕೊಳ್ಳುವುದಂತೂ ಬೇಡವೇ ಬೇಡ.

ಆಮೇಲೆ ಎಕ್ಸ್‌ರೇ. ಈ ಸಲ ಪಾದದ್ದು, ಎರಡೂ ಪಾದದ್ದು, ಮುಖ್ಯವಾಗಿ ನಿಂತುಕೊಂಡು. ಮೇಲಿನಿಂದ, ಓರೆಯಾಗಿ, ಪಕ್ಕದಿಂದ. ಮಲಗಿದ ಪಾದದ ಮೇಲೆ ಭಾರ ಇಲ್ಲ. ಹರಿದ ನಾರಿನ ಎಲುಬುಗಳೂ ಸುಮ್ನೆ ತಮ್ಮ ಜಾಗದಲ್ಲೇ ಕೂತಿರುತ್ತವೆ, ಫೋಟೋಕ್ಕೆ ಚೆಂದ ಕಾಣುತ್ತವೆ. ಮೈಭಾರ ಬಿದ್ದಾಗಲೇ ಸಂದು ಬಿಡುವುದು. ಸೋರುವ ಮಾಡನ್ನು ಬೇಸಿಗೆಯಲ್ಲಿ ನೋಡಿ ಚೆನ್ನಾಗಿದೆ ಅಂದ ಹಾಗಾಗುತ್ತದೆ ಮಲಗಿಸಿ ತೆಗೆದ ಎಕ್ಸ್‌ರೇ. ಚೀಟಿಯಲ್ಲಿ 'ವೇಟ್ ಬೇರಿಂಗ್' ಅಂತ ಬರೆಸಿಕೊಳ್ಳಿ. ಟೆಕ್ನಿಷಿಯನ್ ಅವಸರದಲ್ಲಿ ಮಲಗಿ ಅಂದರೂ, ಇಲ್ಲ, ನಿಂತು ತೆಗೆಯಲು ಹೇಳಿದ್ದಾರೆ ಅನ್ನಿ. ಒಳ್ಳೆಯ ಪಾದವನ್ನು ಯಾಕೆ ಸೇರಿಸುವುದು ಅಂದರೆ, ಸಂದಿನ ಅಗಲ ಒಬ್ಬೊಬ್ಬರಿಗೆ ಒಂದೊಂದು ರೀತಿ. ನಿಮ್ಮ ಎಡಪಾದವೇ ನಿಮ್ಮ ಬಲಪಾದಕ್ಕೆ ಅಳತೆಗೋಲು. ಹೋಲಿಸಿದಾಗ ಮೊದಲ ಎರಡು ಎಲುಬುಗಳ ನಡುವೆ 2 ಮಿಲಿಮೀಟರಿಗಿಂತ ಜಾಸ್ತಿ ಬಿಟ್ಟಿದ್ದರೆ ಕೀಲು ಸಡಿಲಾಗಿದೆ ಅಂತ ಲೆಕ್ಕ. ಎರಡು ಮಿಲಿಮೀಟರು ಅಂದರೆ ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ತುಸು ಹೆಚ್ಚು. ಆ ಸಂದಿನಲ್ಲಿ ಅಕ್ಕಿನುಚ್ಚಿನಷ್ಟು ಎಲುಬಿನ ಚೂರು ಕಂಡರೂ ಸಾಕು. ನಾರು ಹರಿಯುವಾಗ ಎಲುಬನ್ನು ಕಿತ್ತುಕೊಂಡು ಬಂದಿದೆ ಅಂತ ಅರ್ಥ.

ನಿಲ್ಲಲು ಆಗದಷ್ಟು ನೋವಿದ್ದರೆ ಒತ್ತಾಯ ಬೇಡ. ಪಾದ ಅಲ್ಲಾಡದಂತೆ ಹಿಡಿಯುವ ಬೂಟ್ ಹಾಕಿ, ಭಾರ ಹಾಕದೆ ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ನಿಂತು ತೆಗೆಸಬಹುದು. ನಿಮ್ಮದು ನಾಲ್ಕು ವಾರದ ಗಾಯ, ಆಸರೆ ಹಿಡಿದು ನಿಲ್ಲಲು ಆದೀತು. ಸಿ.ಟಿ. ಸ್ಕ್ಯಾನ್ ಎಲುಬಿನ ಸಣ್ಣ ಬಿರುಕುಗಳನ್ನು ಚೆನ್ನಾಗಿ ತೋರಿಸುತ್ತದೆ, ಎಂ.ಆರ್.ಐ. ನಾರನ್ನು ತೋರಿಸುತ್ತದೆ. ನೇರ ಎಂ.ಆರ್.ಐ.ಗೇ ಹೋಗಲಾ ಅಂತ ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ, ಕಡಿಮೆ ಖರ್ಚಿನ ನಿಂತ ಎಕ್ಸ್‌ರೇ ಮೊದಲು. ಅದರಲ್ಲೇ ಸಂದು ಬಿಟ್ಟದ್ದು ಕಂಡರೆ ಮುಂದಿನ ದಾರಿ ಬಹುಪಾಲು ಗೊತ್ತಾಯಿತು. ಅದು ಸರಿಯಿದ್ದೂ ನೋವು ಹಾಗೇ ಇದ್ದರೆ ಆಗ ಸ್ಕ್ಯಾನ್‌ಗೆ ಘಟ್ಟ ಇಳಿಯಿರಿ, ಇಲ್ಲವೇ ಹುಬ್ಬಳ್ಳಿಗೆ ಹೋಗಿ.

ಒಂದು ವಿಷಯ ನೀವು ಬರೆದಿಲ್ಲ. ಸಕ್ಕರೆ ಕಾಯಿಲೆ ಇದೆಯಾ? ಗೊತ್ತಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಬಹಳ ವರ್ಷ ಸಕ್ಕರೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರಲ್ಲಿ ಇದೇ ಜಾಗದ ಎಲುಬುಗಳು ದೊಡ್ಡ ಪೆಟ್ಟೇ ಇಲ್ಲದೆ ಕುಸಿಯುತ್ತವೆ. ಪಾದ ಕೆಂಪಗೆ, ಬಿಸಿಯಾಗಿ ಊದಿರುತ್ತದೆ, ನೋವು ಮಾತ್ರ ಅಷ್ಟಾಗಿ ಇರುವುದಿಲ್ಲ. ಕೀವು ಅಂತಲೋ ವಾತ ಅಂತಲೋ ತಿಳಿದು ನಡೆಯುತ್ತಲೇ ಇರುತ್ತಾರೆ. ಅದರ ಚಿಕಿತ್ಸೆಯೇ ಬೇರೆ. ನಿಮಗೆ ಜೀವ ಹೋಗುವಷ್ಟು ನೋವಿರುವುದು, ಆ ಲೆಕ್ಕದಲ್ಲಿ, ಒಳ್ಳೆಯ ಸುದ್ದಿ!

ಅತ್ತೆಯವರ ಎಣ್ಣೆಗೆ ಬರೋಣ. ಅವರ ಪ್ರೀತಿ ಬೇಡ ಅನ್ನುತ್ತಿಲ್ಲ. ಎಣ್ಣೆಯಿಂದಲೂ ತೊಂದರೆ ಇಲ್ಲ, ಬಿಸಿನೀರಿನ ಶಾಖವೂ ಈಗ ಪರವಾಗಿಲ್ಲ. ತಿಕ್ಕುವುದು ಮಾತ್ರ ಬೇಡ. ಕಟ್ಟಿದ ರಕ್ತ ತಿಕ್ಕಿದರೆ ಕರಗುತ್ತದೆ, ನರದ ಮೇಲೆ ನರ ಏರಿದ್ದು ಇಳಿಯುತ್ತದೆ ಅನ್ನುವುದು ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಕೂತ ಮಾತು. ಇಲ್ಲಿ ಏರಿದ ನರ ಯಾವುದೂ ಇಲ್ಲ. ಕೂಡಿಕೊಳ್ಳಲು ನೋಡುತ್ತಿರುವ ನಾರು ಇದೆ, ತಿಕ್ಕಿ ಎಳೆದರೆ ಅದಕ್ಕೆ ಬಿಡುವೇ ಸಿಗುವುದಿಲ್ಲ. ಸೊಪ್ಪು ಅರೆದು ಹಾಕಿ ಬಿದಿರಿನ ದಬ್ಬೆ ಕಟ್ಟುವವರ ಬಗ್ಗೆಯೂ ಕೇಳುತ್ತಾರೆ. ಅಲ್ಲಾಡದಂತೆ ಕಟ್ಟುವುದು ಒಳ್ಳೆಯದೇ, ಮುಂಗೈ ಎಲುಬು ಎಷ್ಟೋ ಸಲ ಹಾಗೆ ಕೂಡಿದ್ದನ್ನು ನಾನೂ ನೋಡಿದ್ದೇನೆ. ಆದರೆ ಎರಡು ಮಿಲಿಮೀಟರಿನ ಲೆಕ್ಕ ಕೈಯಲ್ಲಿ ಮುಟ್ಟಿ ಸಿಗುವಂಥದ್ದಲ್ಲ. ಊದಿದ ಪಾದಕ್ಕೆ ಬಿಗಿಯಾಗಿ ಕಟ್ಟಿದ ಕಟ್ಟಿನಡಿ ಚರ್ಮ ಸತ್ತದ್ದನ್ನೂ ನೋಡಿದ್ದೇನೆ.

ನಡೆಯಲು ಬರುತ್ತದೆ ಅಂದರೆ ಮುರಿದಿಲ್ಲ ಅನ್ನುವುದೂ ಸುಳ್ಳು. ನೀವೇ ನಡೆಯುತ್ತಿದ್ದೀರಿ, ಹಿಮ್ಮಡಿಯಲ್ಲಿ. ಕ್ಯಾಲ್ಸಿಯಂ ಮಾತ್ರೆ, ಕಾಲು ಸೂಪು ಇವೆಲ್ಲ ಹರಿದ ನಾರನ್ನು ಹೊಲಿಯುವುದಿಲ್ಲ. ಇಷ್ಟವಿದ್ದರೆ ಕುಡಿಯಿರಿ.

ಚಿಕಿತ್ಸೆ ಎಕ್ಸ್‌ರೇ ಏನು ಹೇಳುತ್ತದೆ ಅನ್ನುವುದರ ಮೇಲೆ ನಿಂತಿದೆ. ನಿಂತು ತೆಗೆದರೂ ಸಂದು ಬಿಟ್ಟಿಲ್ಲ, ಕಮಾನು ಕುಸಿದಿಲ್ಲ ಅಂದರೆ ಕೀಲು ಗಟ್ಟಿಯಾಗಿದೆ, ನಾರು ಎಳೆದಿದೆ ಅಥವಾ ಅರ್ಧ ಹರಿದಿದೆ. ಆಪರೇಷನ್ ಬೇಡ. ಪ್ಲಾಸ್ಟರ್ ಅಥವಾ ಬಿಚ್ಚಿ ಹಾಕುವ ಬೂಟ್, ಸುಮಾರು ಆರು ವಾರ. ಪಾದ ನೆಲಕ್ಕೆ ತಾಗಿಸಬಹುದು, ಭಾರ ಬೇಡ ಅಂತ ಹೆಚ್ಚಿನವರು ಹೇಳುತ್ತಾರೆ. ಎರಡು ವಾರಕ್ಕೆ ಮತ್ತೊಮ್ಮೆ ನಿಂತು ಎಕ್ಸ್‌ರೇ, ಯಾಕಂದ್ರೆ ಮೊದಲು ಗಟ್ಟಿ ಕಂಡದ್ದು ಆಮೇಲೆ ಸರಿಯುವುದುಂಟು. ನಂತರ ಬೂಟಿನಲ್ಲೇ ನಿಧಾನಕ್ಕೆ ಭಾರ, ಆಮೇಲೆ ಅಡಿ ಗಟ್ಟಿಯಿರುವ ಶೂ, ಒಳಗೆ ಕಮಾನಿಗೆ ಆಸರೆ ಕೊಡುವ ಇನ್‌ಸೋಲ್. ಹವಾಯಿ ಚಪ್ಪಲಿಯನ್ನು ಒಂದು ವರ್ಷ ಅಟ್ಟದ ಮೇಲೆ ಇಡಿ. ಅದು ನಡುವೆ ಮಡಚುತ್ತದೆ, ಮಡಚಬಾರದ್ದು ನಿಮ್ಮದೂ ಅದೇ ಜಾಗ. ಈ ದಾರಿಯಲ್ಲಿ ಅಪಾಯ ಒಂದೇ: ರೋಗಿಯ ಅವಸರ. ಮೂರನೇ ವಾರ ನೋವು ಇಳಿಯುತ್ತದೆ, ಬೂಟ್ ಮೂಲೆ ಸೇರುತ್ತದೆ, ಆರನೇ ವಾರ ನನ್ನ ಮುಂದೆ ಬಂದು ಕೂತಿರುತ್ತಾರೆ.

ಸಂದು ಬಿಟ್ಟಿದೆ ಅಂದರೆ ಮಾತು ಬೇರೆ. ಪ್ಲಾಸ್ಟರ್ ಅದನ್ನು ಹಿಡಿದಿಡುವುದಿಲ್ಲ. ಹಾಗೇ ಬಿಟ್ಟರೆ ಕಮಾನು ಕುಸಿದು, ಕೀಲು ಸವೆದು, ಕೆಲವೇ ವರ್ಷದಲ್ಲಿ ಹೆಜ್ಜೆ ಹೆಜ್ಜೆಗೂ ನೋವು. ಪಕ್ಕದ ಮನೆಯವರಿಗೆ ಹೇಳಿ, ಜನ್ಮಪೂರ್ತಿ ಕುಂಟುವುದು ಹೆಚ್ಚಾಗಿ ಹೀಗೆ ಬಿಟ್ಟವರು.

ಆಪರೇಷನ್ನಿನಲ್ಲಿ ಎರಡು ಬಗೆ. ಒಂದರಲ್ಲಿ ಎಲುಬುಗಳನ್ನು ಸರಿಯಾದ ಜಾಗಕ್ಕೆ ಕೂರಿಸಿ ಸ್ಕ್ರೂ ಅಥವಾ ಪ್ಲೇಟ್ ಹಾಕಿ ಹಿಡಿದಿಡುತ್ತೇವೆ. ಕಿರುಬೆರಳಿನ ಬದಿಗೆ ಪೆಟ್ಟಾಗಿದ್ದರೆ ಅಲ್ಲಿಗೆ ತಂತಿ, ಅದನ್ನು ಸುಮಾರು ಆರು ವಾರಕ್ಕೆ ತೆಗೆಯುತ್ತೇವೆ. ನಾರು ಕೂಡಿದ ಮೇಲೆ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಂತರ, ಸ್ಕ್ರೂ ತೆಗೆಯಲು ಇನ್ನೊಂದು ಸಣ್ಣ ಆಪರೇಷನ್ ಬೇಕಾಗಬಹುದು. ಎಲ್ಲರೂ ತೆಗೆಯುವುದಿಲ್ಲ. ಇನ್ನೊಂದು ಬಗೆಯಲ್ಲಿ ಒಳಬದಿಯ ಕೀಲುಗಳನ್ನು ಒಂದೇ ಎಲುಬಾಗುವಂತೆ ಬೆಸೆದುಬಿಡುತ್ತೇವೆ. ಬೆಸೆಯುವುದು ಅಂದ ಕೂಡಲೇ ಜನ ಬೆಚ್ಚುತ್ತಾರೆ, ಪಾದ ಮರದ ಕೊರಡಾಗುತ್ತದೆ ಅಂತ. ಇಲ್ಲ. ಹೆಬ್ಬೆರಳಿನ ಬದಿಯ ಆ ಮೂರು ಕೀಲುಗಳು ಹುಟ್ಟಿನಿಂದಲೇ ಹೆಚ್ಚು ಅಲ್ಲಾಡುವುದಿಲ್ಲ, ಅವು ಗಟ್ಟಿ ನಿಲ್ಲಲೆಂದೇ ಇರುವುದು. ಏರುತಗ್ಗಿನ ನೆಲಕ್ಕೆ ಪಾದ ಹೊಂದಿಕೊಳ್ಳುವುದು ಹೊರಬದಿಯ ಎರಡು ಕೀಲುಗಳಿಂದ, ಅವನ್ನು ಬೆಸೆಯುವುದಿಲ್ಲ. ಹರಡು ಮೊದಲಿನಂತೆಯೇ ಆಡುತ್ತದೆ.

ಯಾವುದು ಮೇಲು ಅನ್ನುವುದರಲ್ಲಿ ನಮ್ಮೊಳಗೇ ಜಗಳ ಇದೆ. ಎಲುಬು ಮುರಿಯದೆ ಬರೀ ನಾರು ಹರಿದವರಲ್ಲಿ ಬೆಸೆದದ್ದೇ ಚೆನ್ನಾಗಿ ಫಲ ಕೊಟ್ಟಿತು ಅಂತ 2006ರಲ್ಲಿ 41 ರೋಗಿಗಳ ಮೇಲೆ ನಡೆಸಿದ ಒಂದು ಅಮೆರಿಕನ್ ಅಧ್ಯಯನ ಹೇಳಿತು. ಆಮೇಲಿನ ಹೋಲಿಕೆಗಳಲ್ಲಿ ನಡಿಗೆಯಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಬೆಸೆದವರಿಗೆ ಎರಡನೇ ಆಪರೇಷನ್ ಕಡಿಮೆ ಬೇಕಾಯಿತು. ಹೊಸ ಪೆಟ್ಟು, ಕಡಿಮೆ ವಯಸ್ಸು, ಎಲುಬು ಮುರಿದಿದೆ ಅಂದರೆ ನಾನು ಸ್ಕ್ರೂ ಕಡೆ ವಾಲುತ್ತೇನೆ. ನಾರು ಪೂರ್ತಿ ಹರಿದು ತಿಂಗಳು ಕಳೆದಿದ್ದರೆ ಬೆಸೆಯುವ ಕಡೆ. ನಿಮ್ಮ ವೈದ್ಯರು ಬೇರೆ ಹೇಳಿದರೆ ಯಾಕೆ ಅಂತ ಕೇಳಿ. ಕಾರಣ ಹೇಳಿದರೆ ಸಾಕು, ನನ್ನ ಜೊತೆ ಒಪ್ಪಬೇಕೆಂದಿಲ್ಲ.

ನಾಲ್ಕು ವಾರ ಹೋಯಿತಲ್ಲ, ತಡವಾಯಿತಾ? ಸ್ವಲ್ಪ ಆಗಿದೆ. ಕೈಮೀರಿಲ್ಲ. ಆರು ವಾರದ ಹೊತ್ತಿಗೆ ಸಂದಿನೊಳಗೆ ಗಾಯದ ಗಂಟು ತುಂಬಿಕೊಂಡು ಎಲುಬನ್ನು ಜಾಗಕ್ಕೆ ಕೂರಿಸುವುದು ಕಷ್ಟವಾಗುತ್ತಾ ಹೋಗುತ್ತದೆ. ಅದಕ್ಕೇ ಈ ವಾರ ಅಂದದ್ದು. ಆರು ವಾರ ದಾಟಿದವರಿಗೂ ದಾರಿ ಇದೆ, ಅದು ಹೆಚ್ಚಾಗಿ ಬೆಸೆಯುವ ದಾರಿ.

ಅಪಾಯ ಮುಚ್ಚಿಡುವುದಿಲ್ಲ. ಪಾದದ ಮೇಲಿನ ಚರ್ಮ ತೆಳು, ಗಾಯ ಮಾಯಲು ತಡವಾಗಬಹುದು, ಕೀವಾಗಬಹುದು. ಬೆರಳುಗಳ ಮೇಲ್ಭಾಗ ಜೋಮು ಹಿಡಿದಂತೆ ಉಳಿಯಬಹುದು. ಸ್ಕ್ರೂ ಮುರಿಯುವುದುಂಟು, ಬೆಸುಗೆ ಕೂಡದಿರುವುದುಂಟು. ಎಲ್ಲ ಸರಿಯಾಗಿ ಮಾಡಿದರೂ ಕೆಲವರಿಗೆ ಮುಂದೆ ಕೀಲು ಸವೆತ ಬರುತ್ತದೆ, ಪೆಟ್ಟು ಬಿದ್ದ ದಿನವೇ ಕೀಲಿನ ಮೈ ಹಾಳಾಗಿರುತ್ತದಲ್ಲ. ಮೀನಖಂಡ ಊದಿ ನೋಯತೊಡಗಿದರೆ ಅಥವಾ ಉಸಿರು ಕಟ್ಟಿದಂತಾದರೆ ರಕ್ತ ಹೆಪ್ಪುಗಟ್ಟಿರಬಹುದು, ಕಾಯಬೇಡಿ. ಪ್ಲೇಟ್ ತುಕ್ಕು ಹಿಡಿಯುತ್ತದೆ ಅನ್ನುವುದು ಮಾತ್ರ ಬರೀ ಕಥೆ.

ಮತ್ತೆ ಕವಳ, ಅಂದರೆ ಎಲೆಯಡಿಕೆ. ಹೊಗೆಸೊಪ್ಪು ಹಾಕಿ ಕವಳ ಹಾಕುವ ಅಭ್ಯಾಸ ಇದ್ದರೆ ಈ ಮೂರ್ನಾಲ್ಕು ತಿಂಗಳಾದರೂ ಹೊಗೆಸೊಪ್ಪು ಬಿಡಿ. ಅದರ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ಎಲುಬು ಕೂಡುವುದು ತಡವಾಗುತ್ತದೆ. ಬೀಡಿ ಸೇದುವವರಿಗೆ ಎಲ್ಲರೂ ಹೇಳುತ್ತಾರೆ, ಕವಳದವರನ್ನು ಯಾರೂ ಕೇಳುವುದೇ ಇಲ್ಲ.

ಖರ್ಚಿನ ಬಗ್ಗೆ ನೀವು ಬರೆದಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೇ ಹೋಗಿ. ಅಲ್ಲಿ ಆಗದಿದ್ದರೆ ಅವರೇ ರೆಫರ್ ಬರೆದುಕೊಡಬೇಕು. ಆ ಚೀಟಿ ಇಲ್ಲದೆ ನೇರ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗಿ ಕೌಂಟರಿನಲ್ಲಿ ಪೇಚಾಡಿದವರನ್ನು ನೋಡಿದ್ದೇನೆ. ರೇಶನ್ ಕಾರ್ಡ್, ಆಧಾರ್ ಎರಡೂ ಚೀಲದಲ್ಲಿರಲಿ, ಈ ಯೋಜನೆಗೆ ಸಹಾಯ ಮಾಡಲು ಆಸ್ಪತ್ರೆಯಲ್ಲಿರುವ 'ಆರೋಗ್ಯ ಮಿತ್ರ' ಸಿಬ್ಬಂದಿಯನ್ನು ಕೇಳಿ.

ಈಗ ಕೊಯ್ಲು. ಇದು ಆಗಸ್ಟ್. ಬೂಟ್ ಮಾತ್ರ ಸಾಕಾದರೆ ಸೆಪ್ಟೆಂಬರ್ ಕೊನೆಗೆ ಭಾರ ಹಾಕಲು ಶುರು, ದೀಪಾವಳಿ ಕಳೆದು ಅಡಿಕೆ ಕೊನೆ (ಗೊನೆ) ಇಳಿಯುವ ಹೊತ್ತಿಗೆ ಶೂ ಹಾಕಿ ಅಂಗಳದಲ್ಲಿ ಓಡಾಡಬಹುದು. ಅಡಿಕೆ ಹೊರುವುದು, ಸಂಕ ದಾಟುವುದು ಈ ವರ್ಷಕ್ಕೆ ಬೇರೆಯವರಿಗೆ. ಆಪರೇಷನ್ ಆದರೆ ನಿಂತು ಮಾಡುವ ಕೆಲಸಕ್ಕೆ ನಾಲ್ಕರಿಂದ ಆರು ತಿಂಗಳು, ಪೂರ್ತಿ ಹಗುರಾಗಲು ಒಂದು ವರ್ಷ ಇಟ್ಟುಕೊಳ್ಳಿ. ಸುಲಿಯಲು ಕೂರಬಹುದು, ಆದರೆ ಮೆಟ್ಟುಗತ್ತಿಯ ಹಲಗೆ ಒತ್ತಿ ಹಿಡಿಯುವ ಕಾಲು ಬಲಗಾಲಾಗದಿರಲಿ. ಸ್ಕೂಟಿ, ಕಾರು ಎರಡೂ ಬೇಡ, ಪಾದ ಜೋರಾಗಿ ಒತ್ತಿದರೂ ನೋಯದ ತನಕ.

ಅಲ್ಲಿಯವರೆಗೆ ಮಳೆಗಾಲದ ಮನೆಯಲ್ಲಿ ಊರುಗೋಲು ಅಂದರೆ ಅದೇ ಒಂದು ಅಪಾಯ. ಪಾಚಿ ಅಂಗಳದಲ್ಲಿ ಊರುಗೋಲು ಜಾರಿ ಇನ್ನೊಂದು ಎಲುಬು ಮುರಿದುಕೊಂಡವರುಂಟು. ಒಳಗೆ ವಾಕರ್ ಹಿಡಿಯಿರಿ. ರಬ್ಬರ್ ತುದಿ ಸವೆದಿದ್ದರೆ ಬದಲಿಸಿ. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಇಡಿ. ಕುಕ್ಕರಗಾಲಿನಲ್ಲಿ ಕೂರುವ ಪಾಯಿಖಾನೆ ಸದ್ಯಕ್ಕೆ ಬೇಡ, ಕಮೋಡ್ ಇರುವ ಕುರ್ಚಿ ಬಾಡಿಗೆಗೂ ಸಿಗುತ್ತದೆ. ಪ್ಲಾಸ್ಟರ್ ಒದ್ದೆಯಾದರೆ ಮಾರನೆಯ ದಿನವೇ ತೋರಿಸಿ. ಪಾದ ಕಲ್ಲಿನಂತೆ ಬಿಗಿದು, ಬೆರಳು ಸ್ವಲ್ಪ ಅಲ್ಲಾಡಿಸಿದರೂ ತಡೆಯಲಾಗದ ನೋವು ಬಂದರೆ, ಬೆರಳು ನೀಲಿಯಾದರೆ, ಆ ರಾತ್ರಿಯೇ ಆಸ್ಪತ್ರೆಗೆ.

ಕೊನೆಗೆ ಹಸು. ಎಕ್ಸ್‌ರೇ ಆಗುವವರೆಗೆ ಬೇಡ. ಆಮೇಲೆ ಬೂಟ್ ಹಾಕಿಕೊಂಡು ಕರೆಯಬಹುದು, ಆದರೆ ನೀವು ಈಗ ಕೂರುವ ಹಾಗೆ ಅಲ್ಲ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಕೂತು, ಮೊಣಕಾಲ ನಡುವೆ ತಂಬಿಗೆ ಹಿಡಿದರೆ ಮೈಭಾರವೆಲ್ಲ ಬೀಳುವುದು ಹರಿದ ಜಾಗದ ಮೇಲೆಯೇ. ಒಂದು ಗಟ್ಟಿ ಸ್ಟೂಲಿನ ಮೇಲೆ ಕೂತು, ಬಲಗಾಲನ್ನು ಹಸುವಿನಿಂದ ದೂರಕ್ಕೆ ಚಾಚಿಡಿ. ಒಬ್ಬರು ಮುಂದೆ ನಿಂತು ಹಿಂಡಿ ಕೊಡುತ್ತಾ ಅದರ ಗಮನ ಹಿಡಿದಿರಲಿ. ಅದೇ ಒಬ್ಬರು ನಾಲ್ಕು ದಿನ ನಿಮ್ಮ ಸೀರೆ ಉಟ್ಟೋ ಹೊದ್ದೋ ಕೂತು ನೋಡಲಿ. ವಾಸನೆಗೆ ಮೋಸಹೋಗಿ ಸೊರೆ ಬಿಟ್ಟ ಹಸುಗಳ ಕಥೆ ನನ್ನ ರೋಗಿಗಳಿಂದಲೇ ಕೇಳಿದ್ದೇನೆ. ಗಂಡಸರು ಒಪ್ಪುವುದು ಕಷ್ಟ, ಹಸು ಬೇಗ ಒಪ್ಪುತ್ತದೆ.